ಫುಕುಯಿ ಸಂಸ್ಥಾನದ ಅಮೆರಿಕನ್ ಮೇಷ್ಟರು

ವಿಲಿಯಂ ಎಲಿಯಟ್ ಗ್ರಿಫಿಸ್ ಅಮೆರಿಕದಿಂದ ಜಪಾನಿನ ಫುಕುಯಿ ಸಂಸ್ಥಾನಕ್ಕೆ ವಿಜ್ಞಾನ ಕಲಿಸಲು ಹೋದಾಗ ಅವರಿಗೆ 27 ವರ್ಷ. ಪಾದ್ರಿಯಾಗುವ ಹಂಬಲದಿಂದ ಧರ್ಮಶಾಸ್ತ್ರ ಓದುತ್ತಿದ್ದ ಯುವಕ. ಅವರು ಹೊರಟು ನಿಂತ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧವಿತ್ತು. ಆ ಆಜ್ಞೆಯನ್ನು ಹಲಗೆಯ ಮೇಲೆ ಬರೆಸಿ ಬೀದಿಬದಿಯಲ್ಲಿ ನೆಟ್ಟಿದ್ದರು. ಅಂಥ ದೇಶದ ಸಂಸ್ಥಾನವೊಂದು ತಾನಾಗಿ ಈ ಕ್ರೈಸ್ತ ಯುವಕನನ್ನು ಕರೆಸಿಕೊಂಡಿತು, ಸಂಬಳ ಗೊತ್ತುಮಾಡಿತು, ಇರಲು ಮನೆ ಕೊಟ್ಟಿತು. ಮೇಜಿ ಚಕ್ರವರ್ತಿಯ ಕಾಲದ ಆರಂಭದಲ್ಲಿ ಜಪಾನು ಹೊರದೇಶಗಳ ವಿದ್ಯೆಯನ್ನು ಹೇಗೆ ಬರಮಾಡಿಕೊಂಡಿತು, ಅದರ ಜೊತೆ ಬಂದ ನಂಬಿಕೆಯನ್ನು ಹೇಗೆ ಬಾಗಿಲಲ್ಲೇ ತಡೆಯಲು ನೋಡಿತು ಎಂಬುದನ್ನು ಅರಿಯಲು ಗ್ರಿಫಿಸರ ಜೀವನದ ಮೂರೂವರೆ ವರ್ಷಗಳು ಒಳ್ಳೆಯ ಆಧಾರ.

ಗ್ರಿಫಿಸ್ ಹುಟ್ಟಿದ್ದು 1843ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆಗೆ ಕಲ್ಲಿದ್ದಲಿನ ವ್ಯಾಪಾರ. 1850ರಲ್ಲಿ ಅದೇ ಊರಿನ ನೌಕಾಂಗಣದಿಂದ ಸಸ್ಕ್ವೆಹಾನಾ ಎಂಬ ಯುದ್ಧನೌಕೆ ನೀರಿಗಿಳಿದದ್ದನ್ನು ಹುಡುಗ ಕಣ್ಣಾರೆ ಕಂಡಿದ್ದ. ಮೂರು ವರ್ಷಗಳ ಬಳಿಕ ಅಮೆರಿಕದ ನೌಕಾಪಡೆಯ ಕಮಡೋರ್ ಪೆರಿ ಜಪಾನಿನ ಬಾಗಿಲು ಬಡಿದಾಗ ಅವರ ಪಡೆಯ ಮುಂಚೂಣಿಯಲ್ಲಿದ್ದದ್ದು ಇದೇ ಹಡಗು. ಅಂತರ್ಯುದ್ಧದಲ್ಲಿ ಕೆಲವು ತಿಂಗಳು ಸೈನಿಕನಾಗಿ ದುಡಿದ ಗ್ರಿಫಿಸ್, ಆಮೇಲೆ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಊರಿನ ರಟ್ಗರ್ಸ್ ಕಾಲೇಜು ಸೇರಿ 1869ರಲ್ಲಿ ಪದವಿ ಪಡೆದರು.

ಜಪಾನಿನ ನಂಟು ಗಟ್ಟಿಯಾದದ್ದು ಅಲ್ಲಿಯೇ. ಡಚ್ ರಿಫಾರ್ಮ್ಡ್ ಕ್ರೈಸ್ತ ಸಭೆಯ ಮಿಷನರಿ ಗೈಡೊ ವರ್ಬೆಕ್ 1859ರಿಂದ ನಾಗಸಾಕಿಯಲ್ಲಿದ್ದು, ಓದುವ ಹಂಬಲದ ಸಮುರಾಯ್ ಯುವಕರನ್ನು ತಮ್ಮ ಸಭೆಯ ಪರಿಚಯಪತ್ರ ಕೊಟ್ಟು ಅಮೆರಿಕಕ್ಕೆ ಕಳಿಸುತ್ತಿದ್ದರು. ಆ ಸಭೆಯ ಪೋಷಣೆಯಲ್ಲಿ ಬೆಳೆದ ರಟ್ಗರ್ಸ್‌ಗೆ ಅವರು ಬಂದು ಸೇರುತ್ತಿದ್ದರು. 1866ರಲ್ಲಿ ಬಂದ ಇಬ್ಬರು ಸೋದರರು ಯೊಕೊಯಿ ಶೋನಾನ್ ಎಂಬ ಚಿಂತಕನ ಸಂಬಂಧಿಗಳು. ಶೋನಾನ್ ಫುಕುಯಿಯ ಸಂಸ್ಥಾನಾಧೀಶ ಮಾತ್ಸುದೈರಾ ಶುಂಗಾಕು ಅವರಿಗೆ ಸಲಹೆಗಾರರಾಗಿದ್ದವರು. ಮರುವರ್ಷ ಫುಕುಯಿಯಿಂದಲೇ ಕುಸಾಕಾಬೆ ತಾರೊ ಬಂದ. ಗ್ರಿಫಿಸ್ ಅವನಿಗೆ ಪಾಠ ಹೇಳಿಕೊಟ್ಟರು. ಕುಸಾಕಾಬೆ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ಆದರೆ ಕ್ಷಯ ತಗುಲಿತು. 1870ರ ಏಪ್ರಿಲ್‌ನಲ್ಲಿ, ಪದವಿ ಕೈಸೇರಲು ಕೆಲವೇ ವಾರಗಳಿರುವಾಗ ತೀರಿಕೊಂಡ. ಕಾಲೇಜು ಪದವಿಯನ್ನು ಅವನ ಹೆಸರಿಗೆ ಕೊಟ್ಟಿತು. ಪ್ರತಿಭಾವಂತರಿಗೆ ಸಲ್ಲುವ ಫೈ ಬೀಟ ಕಪ್ಪ ಸಂಘದ ಚಿನ್ನದ ಕೀಲಿಯೂ ಅವನಿಗೆ ಸಂದಿತು. ದೇಹ ನ್ಯೂ ಬ್ರನ್ಸ್‌ವಿಕ್‌ನ ಸ್ಮಶಾನದಲ್ಲೇ ಉಳಿಯಿತು.

ಅದೇ ವರ್ಷ ಫುಕುಯಿ ಸಂಸ್ಥಾನವು ತನ್ನ ಶಾಲೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವವರು ಬೇಕೆಂದು ವರ್ಬೆಕ್ ಅವರನ್ನು ಕೇಳಿತು. ಮಾತು ರಟ್ಗರ್ಸ್‌ಗೆ ಮುಟ್ಟಿ, ಆಯ್ಕೆ ಗ್ರಿಫಿಸರ ಮೇಲೆ ಬಿತ್ತು. ಮೂರು ವರ್ಷದ ಕರಾರು, ವರ್ಷಕ್ಕೆ 3,600 ಡಾಲರ್ ಸಂಬಳ, ಮೇಲೆ ಮನೆ. ಧರ್ಮಶಾಸ್ತ್ರದ ವಿದ್ಯಾರ್ಥಿಯೊಬ್ಬ ಕನಸಿನಲ್ಲೂ ನೆನೆಯದ ಮೊತ್ತವದು. ತಂದೆಯ ವ್ಯಾಪಾರ ಇಳಿಮುಖವಾಗಿತ್ತು, ಮನೆಯವರು ಕಷ್ಟದಲ್ಲಿದ್ದರು. ದೇವರ ಸೇವೆಯ ಹಂಬಲವೂ ಹಣದ ಅಗತ್ಯವೂ ಇಲ್ಲಿ ಒಟ್ಟಿಗೇ ಕೆಲಸ ಮಾಡಿವೆ. ಎರಡನೆಯದನ್ನು ಮರೆಮಾಚಿದರೆ ಆ ಯುವಕನಿಗೆ ನ್ಯಾಯ ಸಲ್ಲುವುದಿಲ್ಲ.

ನಮ್ಮ ಕರಾವಳಿಯವರಿಗೆ ಪರಿಚಿತರಾದ ಬಾಸೆಲ್ ಮಿಷನ್‌ನವರಿಗೂ ಗ್ರಿಫಿಸರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದವರು ತಮ್ಮ ಮಿಷನ್ನಿನ ಕೆಲಸಕ್ಕೆ ಬಂದವರು. ಶಾಲೆ ತೆರೆದದ್ದೂ ಪಾಠ ಗೊತ್ತುಮಾಡಿದ್ದೂ ಮಿಷನ್ನೇ. ನಾಡನ್ನು ಆಳುತ್ತಿದ್ದದ್ದು ಬ್ರಿಟಿಷರ ಕಂಪನಿ. ಗ್ರಿಫಿಸರಾದರೋ ಜಪಾನೀ ದೊರೆಯ ಸಂಬಳದಾಳು. ಏನು ಕಲಿಸಬೇಕು, ಎಷ್ಟು ಕಾಲ ಇರಬೇಕು ಎಂಬುದನ್ನು ಕರೆಸಿಕೊಂಡವರೇ ನಿರ್ಧರಿಸುತ್ತಿದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಜಪಾನ್ ಸರ್ಕಾರದ ಕೆಳಗೆ ಹೀಗೆ ದುಡಿದ ವಿದೇಶೀಯರ ಸಂಖ್ಯೆ 500 ದಾಟಿತು: ರೈಲ್ವೆ ಎಂಜಿನಿಯರುಗಳು, ವೈದ್ಯರು, ಕಾನೂನು ತಜ್ಞರು, ಮೇಷ್ಟರುಗಳು. ಕೆಲಸ ಕಲಿತಾದ ಮೇಲೆ ಅವರನ್ನು ಗೌರವದಿಂದ ಬೀಳ್ಕೊಟ್ಟು ಆ ಜಾಗದಲ್ಲಿ ತಮ್ಮವರನ್ನು ಕೂರಿಸುವುದು ಸರ್ಕಾರದ ಲೆಕ್ಕಾಚಾರವಾಗಿತ್ತು, ಅದು ಹಾಗೆಯೇ ನಡೆಯಿತು ಕೂಡ.

ಹಿಂದಿನ ವರ್ಷವಷ್ಟೇ ಪೂರ್ಣಗೊಂಡಿದ್ದ ರೈಲುಮಾರ್ಗದಲ್ಲಿ ಅಮೆರಿಕವನ್ನು ಅಡ್ಡಹಾಯ್ದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗು ಹತ್ತಿ, 1870ರ ಡಿಸೆಂಬರ್ ಕೊನೆಗೆ ಗ್ರಿಫಿಸ್ ಯೊಕೊಹಾಮಾ ತಲುಪಿದರು. ಟೋಕಿಯೊದಲ್ಲಿ, ಆ ವೇಳೆಗೆ ಅಲ್ಲಿಗೆ ಬಂದು ನೆಲೆಸಿದ್ದ ವರ್ಬೆಕ್ ಅವರ ಮನೆಯಲ್ಲಿ ಕೆಲವು ವಾರ ತಂಗಿದರು. ವಿದೇಶೀಯರನ್ನು ಸಹಿಸದ ಸಮುರಾಯ್‌ಗಳು ಆಗಲೂ ಕತ್ತಿ ಹಿಡಿದು ಬೀದಿಯಲ್ಲಿ ಓಡಾಡುತ್ತಿದ್ದ ಕಾಲ. 1871ರ ಜನವರಿಯಲ್ಲಿ ಇಬ್ಬರು ಇಂಗ್ಲಿಷ್ ಶಿಕ್ಷಕರನ್ನು ರಾತ್ರಿ ಹೊತ್ತು ಬೀದಿಯಲ್ಲೇ ಕಡಿದು ಗಾಯಗೊಳಿಸಿದರು. ಗಾಯಾಳುಗಳ ಬಳಿ ಕುಳಿತು ಶುಶ್ರೂಷೆ ಮಾಡಿದವರಲ್ಲಿ ಗ್ರಿಫಿಸರೂ ಒಬ್ಬರು. ಇಬ್ಬರೂ ಬದುಕಿಕೊಂಡರು. ಇದಾದ ಮೇಲೂ ಅವರು ಒಳನಾಡಿಗೆ, ಬಂದರು ಪಟ್ಟಣಗಳ ವಿದೇಶೀ ಬಡಾವಣೆಗಳ ಆಸರೆ ಎಟುಕದ ಫುಕುಯಿಗೆ ಹೊರಟರು.

ದಾರಿ ದೀರ್ಘವಾದದ್ದು. ಕೋಬೆ, ಓಸಾಕಾವರೆಗೆ ಸಮುದ್ರಯಾನ. ಅಲ್ಲಿಂದ ಯೋದೊ ನದಿಯಲ್ಲಿ ಮೇಲ್ಮುಖವಾಗಿ ದೋಣಿ. ಬಿವಾ ಸರೋವರವನ್ನು ಪುಟ್ಟ ಉಗಿಹಡಗಿನಲ್ಲಿ ದಾಟಿ, ಆಚೆಗೆ ಹಿಮ ಮುಚ್ಚಿದ ಬೆಟ್ಟಗಳ ಘಟ್ಟದ ದಾರಿ. 1871ರ ಮಾರ್ಚ್ 4ರಂದು ಫುಕುಯಿ ಕಣ್ಣಿಗೆ ಬಿತ್ತು. ಪೂರ್ವದೇಶದ ರಾಜಧಾನಿ ಎಂದರೆ ಗೋಪುರ, ಚಿನ್ನ, ವೈಭವ ಎಂದು ಪುಸ್ತಕ ಓದಿ ಕಲ್ಪಿಸಿಕೊಂಡಿದ್ದವರಿಗೆ ಎದುರಾದದ್ದು ತಗ್ಗು ಮಾಡಿನ ಮರದ ಮನೆಗಳು, ಕೆಸರು, ಹಿಮ, ಬಡವರು. ತಮಗಾದ ನಿರಾಸೆಯನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಮನೆಯೊಳಗೆ ಮಾತ್ರ ಬೇರೆಯದೇ ನೋಟ. ಹಳೆಯ ಸಮುರಾಯ್ ಮನೆತನದ ವಿಶಾಲವಾದ ಮನೆಯನ್ನು ಅವರಿಗಾಗಿ ಸಜ್ಜುಗೊಳಿಸಿ, ಕಿಟಕಿಗೆ ಗಾಜು ಕೂರಿಸಿ, ಮಂಚ ಹಾಕಿ, ಅಮೆರಿಕದ ಕಬ್ಬಿಣದ ಒಲೆಯೊಂದನ್ನು ಎಲ್ಲಿಂದಲೋ ತರಿಸಿ ಇಟ್ಟಿದ್ದರು. ಆ ಚಳಿಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಮತ್ತೊಂದಿಲ್ಲ. ಕುಸಾಕಾಬೆಯ ಚಿನ್ನದ ಕೀಲಿಯನ್ನು ಗ್ರಿಫಿಸ್ ಜೊತೆಗೇ ತಂದಿದ್ದರು. ಅದನ್ನು ಅವನ ತಂದೆಯ ಕೈಗೆ ಒಪ್ಪಿಸಿದರು.

ಫುಕುಯಿ ಸಣ್ಣ ಸಂಸ್ಥಾನವೇನಲ್ಲ. ಅದರ ಹುಟ್ಟುವಳಿ 3,20,000 ಕೊಕು ಅಕ್ಕಿ ಎಂದು ಲೆಕ್ಕ. ಒಂದು ಕೊಕು ಎಂದರೆ ಸುಮಾರು 180 ಲೀಟರ್. ಹೊಸ ವಿಚಾರಗಳಿಗೆ ತೆರೆದುಕೊಂಡಿದ್ದ ಊರೂ ಹೌದು. ವಿದ್ಯೆಯನ್ನು ಜಗತ್ತಿನ ಎಲ್ಲ ಕಡೆಯಿಂದ ಅರಸಿ ತರಬೇಕೆಂದು ಸಾರಿದ, ಚಕ್ರವರ್ತಿಯ ಹೊಸ ಸರ್ಕಾರದ 1868ರ ಐದು ವಚನಗಳ ಪ್ರತಿಜ್ಞೆಯ ಮೊದಲ ಕರಡು ಬರೆದ ಯುರಿ ಕಿಮಿಮಾಸಾ ಇಲ್ಲಿಯವರೇ. ಮೇಶಿನ್‌ಕಾನ್ ಎಂಬ ಶಾಲೆ ನಡೆಯುತ್ತಿದ್ದದ್ದು ಕೋಟೆಯ ಒಳಗೆ. ವಿದ್ಯಾರ್ಥಿಗಳೆಲ್ಲ ಸಮುರಾಯ್ ಮನೆಗಳ ಮಕ್ಕಳು: ನೆತ್ತಿ ಬೋಳಿಸಿ ಜುಟ್ಟು ಕಟ್ಟಿದವರು, ಸೊಂಟದಲ್ಲಿ ಎರಡು ಕತ್ತಿ, ಕಾಲಲ್ಲಿ ಮರದ ಪಾದುಕೆ. ಗ್ರಿಫಿಸ್ ರಸಾಯನಶಾಸ್ತ್ರದ ಪ್ರಯೋಗಶಾಲೆ ಕಟ್ಟಿಸಿ, ಉಪಕರಣಗಳನ್ನು ತರಿಸಿ, ದುಭಾಷಿ ಇವಾಬುಚಿಯ ನೆರವಿನಿಂದ ಪಾಠ ನಡೆಸಿದರು. ಇಂಥ ಪ್ರಯೋಗಶಾಲೆ ಜಪಾನಿನ ಒಳನಾಡಿಗೆ ಹೊಸದು. ಕನ್‌ಫ್ಯೂಷಿಯಸ್‌ನ ಗ್ರಂಥಗಳನ್ನು ಬಾಯಿಪಾಠ ಮಾಡಿ ಬೆಳೆದ ಹುಡುಗರು ಈಗ ಗಾಜಿನ ಕೊಳವೆಯಲ್ಲಿ ಅನಿಲ ಹಿಡಿದು, ಉರಿಸಿ, ಕಂಡದ್ದನ್ನು ಬರೆದಿಡಲು ಕಲಿತರು. ಭಾನುವಾರಗಳಂದು ಗ್ರಿಫಿಸ್ ತಮ್ಮ ಮನೆಯಲ್ಲಿ ಆಸಕ್ತರಿಗೆ ಬೈಬಲ್ ಓದಿ ಹೇಳುತ್ತಿದ್ದರು. ಸಂಸ್ಥಾನದವರು ಅದಕ್ಕೆ ಅಡ್ಡಿ ಮಾಡಲಿಲ್ಲ. ಅದೇ ಹೊತ್ತಿನಲ್ಲಿ ನಾಗಸಾಕಿ ಬಳಿಯ ಉರಾಕಾಮಿಯ 3,000ಕ್ಕೂ ಹೆಚ್ಚು ಕ್ರೈಸ್ತರು ತಮ್ಮ ನಂಬಿಕೆಗಾಗಿ ಊರು ಬಿಡಿಸಿಕೊಂಡು ಗಡೀಪಾರಾಗಿದ್ದರು ಎಂಬುದನ್ನು ನೆನೆದರೆ, ವಿದೇಶೀ ಮೇಷ್ಟರಿಗೊಂದು ನ್ಯಾಯ, ಸ್ವಂತ ಪ್ರಜೆಗಳಿಗೊಂದು ನ್ಯಾಯ ನಡೆಯುತ್ತಿದ್ದದ್ದು ಕಾಣುತ್ತದೆ.

ಗ್ರಿಫಿಸ್ ಫುಕುಯಿಯಲ್ಲಿದ್ದದ್ದು ಹನ್ನೊಂದು ತಿಂಗಳಿಗೂ ಕಡಿಮೆ. ಆದರೆ ಆ ಅವಧಿಯಲ್ಲೇ ಶತಮಾನಗಳ ವ್ಯವಸ್ಥೆಯೊಂದು ಅವರ ಕಣ್ಣೆದುರು ಮುಗಿಯಿತು. 1871ರ ಆಗಸ್ಟ್ 29ರಂದು ಚಕ್ರವರ್ತಿಯ ಸರ್ಕಾರ ಒಂದೇ ಆಜ್ಞೆಯಿಂದ ಸುಮಾರು 260 ಸಂಸ್ಥಾನಗಳನ್ನು ರದ್ದುಮಾಡಿ ಜಿಲ್ಲೆಗಳಾಗಿ ಬದಲಾಯಿಸಿತು. ಸುದ್ದಿ ಫುಕುಯಿಗೆ ಮುಟ್ಟಿದಾಗ ಮನೆಮನೆಯಲ್ಲೂ ಗಾಬರಿ. ಸಮುರಾಯ್‌ಗಳಿಗೆ ವಂಶಪಾರಂಪರ್ಯವಾಗಿ ಸಿಗುತ್ತಿದ್ದ ಅಕ್ಕಿಯ ವರಮಾನ ಕಡಿತವಾಗಲಿತ್ತು, ಹುದ್ದೆಗಳು ಹೋಗಲಿದ್ದವು. ಈ ಬದಲಾವಣೆಗೆ ಕಾರಣರಾದವರಲ್ಲಿ ಒಬ್ಬರೆಂದು ಯುರಿಯವರನ್ನು ಕೊಲ್ಲಬೇಕೆಂದು ಕೆಲವರು ಕೂಗಾಡಿದರು. ಇದು ದೇಶಕ್ಕೆ ಒಳ್ಳೆಯದೇ ಆಯಿತು, ನಾವು ಸಂಸ್ಥಾನದವರೆಂಬುದನ್ನು ಬಿಟ್ಟು ಜಪಾನಿನವರಾಗಬೇಕು ಎಂದ ವಿದ್ಯಾರ್ಥಿಗಳೂ ಇದ್ದರು ಎಂಬುದನ್ನು ಗ್ರಿಫಿಸ್ ಮೆಚ್ಚುಗೆಯಿಂದ ದಾಖಲಿಸಿದ್ದಾರೆ.

ಅಕ್ಟೋಬರ್ 1ರಂದು ಆ ಹೊತ್ತಿನ ಸಂಸ್ಥಾನಾಧೀಶ ಮಾತ್ಸುದೈರಾ ಮೋಚಿಆಕಿ ತಮ್ಮವರನ್ನು ಬೀಳ್ಕೊಟ್ಟರು. ಕೋಟೆಯ ಕೋಣೆಗಳ ನಡುವಿನ ಸರಿಸುವ ಬಾಗಿಲುಗಳನ್ನೆಲ್ಲ ತೆಗೆದು ಒಂದೇ ದೊಡ್ಡ ಸಭಾಂಗಣ ಮಾಡಿದ್ದರು. ಗಂಜಿ ಹಾಕಿದ ಮೇಲಂಗಿ ತೊಟ್ಟ ಸಮುರಾಯ್‌ಗಳು ಅಂತಸ್ತಿಗೆ ತಕ್ಕ ಸಾಲುಗಳಲ್ಲಿ ಮಂಡಿಯೂರಿ, ಕತ್ತಿಯನ್ನು ಮುಂದೆ ನೆಟ್ಟಗೆ ನಿಲ್ಲಿಸಿ, ಹಿಡಿಯ ಮೇಲೆ ಕೈಯಿಟ್ಟು ತಲೆತಗ್ಗಿಸಿ ಕುಳಿತಿದ್ದರು. ಸಂಖ್ಯೆ ಮೂರು ಸಾವಿರದಷ್ಟು ಎಂದು ಗ್ರಿಫಿಸ್ ಹೇಳುತ್ತಾರೆ. ದೊರೆ ಅವರ ನಡುವೆ ಸದ್ದಿಲ್ಲದೆ ನಡೆದುಬಂದರು. ಅವರ ಭಾಷಣವನ್ನು ಮುಖ್ಯ ಮಂತ್ರಿ ಓದಿ ಹೇಳಿದರು. ಮರುದಿನ ಟೋಕಿಯೊಗೆ ಹೊರಟ ದೊರೆಯನ್ನು ಕಾಣಲು ದಾರಿಯುದ್ದಕ್ಕೂ ಜನ ನೆರೆದು ಕಣ್ಣೀರಿಟ್ಟರು. ಸಂಸ್ಥಾನದ ಒಳಗೆ ವಾಸವಿದ್ದು ಇದನ್ನೆಲ್ಲ ಕಂಡು ವಿವರವಾಗಿ ಬರೆದಿಟ್ಟ ಪಾಶ್ಚಾತ್ಯ ಗ್ರಿಫಿಸ್. ರಸಾಯನಶಾಸ್ತ್ರ ಕಲಿಸಲು ಅವರು ಹೋಗದಿದ್ದರೆ ಬೇರೊಬ್ಬರು ಹೋಗುತ್ತಿದ್ದರು; ಈ ಬರಹವನ್ನು ಬೇರೊಬ್ಬರು ಕೊಡುತ್ತಿದ್ದರೇ ಎಂಬುದು ಸಂದೇಹ. ಅವರ ಇಡೀ ಜಪಾನ್‌ವಾಸದ ದೊಡ್ಡ ಫಲ ಇದೇ.

ದೊರೆಯ ಹಿಂದೆಯೇ ಚುರುಕಾದ ವಿದ್ಯಾರ್ಥಿಗಳೂ ಅಧಿಕಾರಿಗಳೂ ರಾಜಧಾನಿಗೆ ತೆರಳಿದರು. ಅಸುವಾ ನದಿಯ ಬಳಿ ಗ್ರಿಫಿಸರಿಗಾಗಿ ಪಾಶ್ಚಾತ್ಯ ಮಾದರಿಯ ಹೊಸ ಮನೆ ಆಗಷ್ಟೇ ಸಿದ್ಧವಾಗಿತ್ತು, ಆದರೆ ತಮ್ಮ ಭಾಷೆಯ ಒಂದು ಮಾತಿಗೂ ಜನವಿಲ್ಲದ ಒಂಟಿತನ ಅವರನ್ನು ಕಾಡಿತು. 1872ರ ಜನವರಿಯಲ್ಲಿ ಆಳೆತ್ತರದ ಹಿಮವನ್ನು ಹಾಯ್ದು ಟೋಕಿಯೊಗೆ ಹೊರಟರು. ಮುಂದೆ ಟೋಕಿಯೊ ವಿಶ್ವವಿದ್ಯಾಲಯವಾಗಿ ಬೆಳೆದ ಸರ್ಕಾರಿ ಶಾಲೆಯಲ್ಲಿ 1874ರವರೆಗೆ ಕಲಿಸಿದರು. ಅಕ್ಕ ಮಾರ್ಗರೆಟ್ 1872ರಲ್ಲಿ ಬಂದು ಸೇರಿ, ಹೆಣ್ಣುಮಕ್ಕಳಿಗಾಗಿ ಸರ್ಕಾರ ತೆರೆದ ಮೊದಲ ಶಾಲೆಯಲ್ಲಿ ಶಿಕ್ಷಕಿಯಾದರು.

ಗ್ರಿಫಿಸರ ಸಹಪಾಠಿ ಎಡ್ವರ್ಡ್ ವಾರನ್ ಕ್ಲಾರ್ಕ್ ಅವರ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಹಿಂದೆ ಜಪಾನನ್ನು ಆಳಿ ಪದಚ್ಯುತವಾದ ಶೋಗುನ್ ಮನೆತನ ನೆಲೆಸಿದ್ದ ಷಿಜುವೊಕಾದ ಶಾಲೆಗೆ ಅವರನ್ನು ಕರೆಸಿದ್ದು ಶೋಗುನ್ ಕಾಲದ ಹಿರಿಯ ಅಧಿಕಾರಿ ಕಾತ್ಸು ಕೈಶು. ಗೆಳೆಯನ ಹೆಸರು ಸೂಚಿಸಿದವರು ಗ್ರಿಫಿಸ್. 1871ರ ಕೊನೆಯಲ್ಲಿ ಬಂದಿಳಿದ ಕ್ಲಾರ್ಕರ ಮುಂದೆ ಇಟ್ಟ ಕರಾರಿನಲ್ಲಿ ಕ್ರೈಸ್ತಧರ್ಮದ ಮಾತೆತ್ತಬಾರದು ಎಂಬ ಷರತ್ತಿತ್ತು. ದಾರಿಖರ್ಚಿಗೆ ಹಣ ಮುಗಿದಿತ್ತು, ಸಹಿ ಹಾಕಿಬಿಡು ಎಂದು ಹಿತೈಷಿಗಳೂ ಹೇಳಿದರು. ಎದೆಗೆ ಹತ್ತಿರವಾದ ವಿಷಯದ ಬಗ್ಗೆ ಮೂರು ವರ್ಷ ಬಾಯಿ ಮುಚ್ಚಿಕೊಂಡಿರಲು ಆಗದು ಎಂದು ಇಪ್ಪತ್ತೆರಡರ ಆ ಯುವಕ ಪಟ್ಟುಹಿಡಿದ, ಷರತ್ತನ್ನು ತೆಗೆದುಹಾಕಿದರು. ಷಿಜುವೊಕಾದಲ್ಲಿ ಅವರಿಗೆ ಮೊದಲು ಸಿಕ್ಕ ವಸತಿ ಬೌದ್ಧ ದೇವಾಲಯ. ಅಲ್ಲಿಯೇ ಭಾನುವಾರದ ಬೈಬಲ್ ತರಗತಿಯೂ ನಡೆಯಿತು. ಸ್ಯಾಮ್ಯುಯೆಲ್ ಸ್ಮೈಲ್ಸ್, ಜಾನ್ ಸ್ಟುವರ್ಟ್ ಮಿಲ್ ಅವರ ಕೃತಿಗಳನ್ನು ಜಪಾನೀ ಭಾಷೆಗೆ ತಂದ ನಕಾಮುರಾ ಮಾಸನಾವೊ ಅಲ್ಲಿ ಕ್ಲಾರ್ಕರ ಆಪ್ತರಾದರು. ನಕಾಮುರಾ 1874ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಕ್ಲಾರ್ಕ್ ಜಪಾನಿನ ನೆನಪುಗಳನ್ನು 1878ರಲ್ಲಿ ಪುಸ್ತಕ ಮಾಡಿದರು. ಹಾಂಗ್‌ಕಾಂಗ್‌ನಿಂದ ಹಿಮಾಲಯದವರೆಗೆ, ಭಾರತವನ್ನು ಹಾಯ್ದು ಸುತ್ತಿದ ಪ್ರವಾಸಕಥನ 1880ರಲ್ಲಿ ಬಂತು.

ನಿಷೇಧದ ಹಲಗೆಗಳು 1873ರ ಫೆಬ್ರವರಿಯಲ್ಲಿ ಬೀದಿಗಳಿಂದ ಇಳಿದವು. ಪಾಶ್ಚಾತ್ಯ ಸರ್ಕಾರಗಳ ಒತ್ತಾಯ ಅದಕ್ಕೆ ದೊಡ್ಡ ಕಾರಣ. ಆದರೂ ತಿಕ್ಕಾಟ ನಿಲ್ಲಲಿಲ್ಲ. ಸರ್ಕಾರಿ ಕಚೇರಿಗಳಿಗೆ ಆಗ ರಜೆ ಇದ್ದದ್ದು ತಾರೀಖಿನ ಕೊನೆಯಲ್ಲಿ ಒಂದು, ಆರು ಬರುವ ದಿನಗಳಂದು. ಶಾಲೆಗೂ ಅದನ್ನೇ ಅನ್ವಯಿಸಿ ಭಾನುವಾರದ ಬಿಡುವು ತೆಗೆಯಹೊರಟಾಗ ವಿರೋಧಿಸಿದ ಮೇಷ್ಟರಲ್ಲಿ ಗ್ರಿಫಿಸ್ ಮುಂದಿದ್ದರು. ಜಪಾನ್ ಸರ್ಕಾರ ಭಾನುವಾರವನ್ನೇ ವಾರದ ರಜೆಯಾಗಿ ಒಪ್ಪಿದ್ದು 1876ರಲ್ಲಿ, ಅವರು ಸ್ವದೇಶಕ್ಕೆ ಮರಳಿ ಎರಡು ವರ್ಷವಾದ ಮೇಲೆ.

ಅದೇ 1876ರಲ್ಲಿ ನ್ಯೂಯಾರ್ಕಿನಲ್ಲಿ ಗ್ರಿಫಿಸರ ‘ದಿ ಮಿಕಾಡೋಸ್ ಎಂಪೈರ್’ ಹೊರಬಂತು. ಮೊದಲ ಭಾಗ ಜಪಾನಿನ ಇತಿಹಾಸ, ಎರಡನೆಯದು ಸ್ವಂತ ಅನುಭವ. ಮತ್ತೆಮತ್ತೆ ಅಚ್ಚಾಗಿ, ಒಂದು ತಲೆಮಾರಿನ ಅಮೆರಿಕನ್ನರಿಗೆ ಜಪಾನ್ ಎಂದರೆ ಈ ಪುಸ್ತಕವೇ ಆಗಿತ್ತು. ಅನ್ಯಧರ್ಮಗಳನ್ನು ಕತ್ತಲೆಯೆಂದೇ ಕಾಣುವ ಅಂದಿನ ಕ್ರೈಸ್ತರ ಧೋರಣೆ ಅದರಲ್ಲಿ ಉದ್ದಕ್ಕೂ ಇದೆ. ಇತಿಹಾಸದ ಭಾಗ ಇಂದು ಹಳತಾಗಿದೆ. ಫುಕುಯಿಯ ಅಧ್ಯಾಯಗಳು ಮಾತ್ರ ಸವೆದಿಲ್ಲ, ಏಕೆಂದರೆ ಅಲ್ಲಿ ಬರೆದದ್ದು ಕೇಳಿದ ಸಂಗತಿಯಲ್ಲ, ಕಂಡದ್ದು.

ಆಮೇಲೆ ಗ್ರಿಫಿಸ್ ಅಂದುಕೊಂಡಂತೆ ಪಾದ್ರಿಯಾದರು; ಸ್ಕೆನೆಕ್ಟಡಿ, ಬಾಸ್ಟನ್, ಇಥಾಕಾ ಊರುಗಳ ಸಭೆಗಳನ್ನು ನೋಡಿಕೊಂಡರು. ಪೆರಿ ಮತ್ತು ವರ್ಬೆಕ್ ಅವರ ಜೀವನಚರಿತ್ರೆ, 1882ರಲ್ಲಿ ಕೊರಿಯಾದ ಬಗೆಗೊಂದು ಗ್ರಂಥ ಬರೆದರು. ಗ್ರಿಫಿಸರ ಜೊತೆ ಅಮೆರಿಕಕ್ಕೆ ಓದಲು ಬಂದ ಫುಕುಯಿಯ ಶಿಷ್ಯ ಇಮಾದಾತೆ ತೋಸುಯಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪದವಿ ಪಡೆದು, ಜಪಾನಿಗೆ ಮರಳಿ ಕ್ಯೋಟೊದಲ್ಲಿ ಶಾಲೆಯ ಮುಖ್ಯಸ್ಥನಾದ. ಜಪಾನ್ ಸರ್ಕಾರ ಗ್ರಿಫಿಸರಿಗೆ ಉದಯಸೂರ್ಯ ಪದಕ ನೀಡಿತು. ಎಂಬತ್ತು ದಾಟಿದ ಮೇಲೆ, 1926ರಲ್ಲಿ, ಅವರು ಮತ್ತೆ ಜಪಾನಿಗೆ ಹೋಗಿ ಫುಕುಯಿಯನ್ನೂ ಕಂಡುಬಂದರು. ತೀರಿಕೊಂಡದ್ದು 1928ರ ಫೆಬ್ರವರಿಯಲ್ಲಿ, ಫ್ಲಾರಿಡಾದಲ್ಲಿ. ದಿನಚರಿಗಳು, ಪತ್ರಗಳು, ಛಾಯಾಚಿತ್ರಗಳು ಈಗ ರಟ್ಗರ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳ ಜೊತೆಗೆ ಅವರ ಜಪಾನೀ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳ ಕಟ್ಟೂ ಉಳಿದಿದೆ. ಮೇಜಿ ಕಾಲದ ಶಿಕ್ಷಣವನ್ನು ಅಭ್ಯಸಿಸುವವರು ಹುಡುಗರ ಕಡೆಯ ಮಾತು ಕೇಳಲು ಅವುಗಳನ್ನೇ ತೆರೆಯುತ್ತಾರೆ.