ತನ್ನ ಪರ ಮತ ಹಾಕಲಾಗದ ಪ್ರಧಾನಿ: 1996ರ ಆಯ್ಕೆಯ ಬಗ್ಗೆ ಒಂದು ಟಿಪ್ಪಣಿ

ಹಾಸನ ಜಿಲ್ಲೆಯ ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಟೆಂಡರಿಗೆ ಕಾಯುತ್ತ ಕೂತವರ ನಡುವೆ ರಾಜಕೀಯದ ಮಾತು ಎದ್ದರೆ, 'ನಮ್ ಗೌಡ್ರನ್ನ ಪ್ರಧಾನಿ ಮಾಡ್ದೋರು ನಾವೇ' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಜಿಲ್ಲೆಯ ಅಭಿಮಾನದ ಮಾತೆಂದು ಒಪ್ಪೋಣ. ಆದರೆ 1996ರ ಲೋಕಸಭಾ ಚುನಾವಣೆಯಲ್ಲಿ ಹಾಸನ ಕ್ಷೇತ್ರದ ಮತಪತ್ರದಲ್ಲಿ ಎಚ್.ಡಿ. ದೇವೇಗೌಡರ ಹೆಸರೇ ಇರಲಿಲ್ಲ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಹೋದ ಹರದನಹಳ್ಳಿಯ ಗೌಡರು ಆಗ ರಾಮನಗರದ ಶಾಸಕರು, ರಾಜ್ಯದ ಮುಖ್ಯಮಂತ್ರಿ.

ಸಂವಿಧಾನವೂ ಇಲ್ಲಿ ಮಿತಭಾಷಿ. 75(1)ನೇ ವಿಧಿಯ ಪ್ರಕಾರ ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸಬೇಕು, ಅಷ್ಟೇ. ಯಾರನ್ನು, ಹೇಗೆ ಹುಡುಕಬೇಕೆಂಬ ಸೊಲ್ಲಿಲ್ಲ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎನ್ನುವ 75(3)ರಿಂದಲೇ ಉಳಿದದ್ದನ್ನು ಊಹಿಸಿಕೊಳ್ಳಬೇಕು. ಆ ವರ್ಷ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46 ಸ್ಥಾನ. ರಾಷ್ಟ್ರಪತಿ ಶಂಕರ ದಯಾಳ ಶರ್ಮಾ ಅತಿ ದೊಡ್ಡ ಪಕ್ಷವೆಂದು ಮೊದಲು ವಾಜಪೇಯಿಯವರನ್ನು ಕರೆದರು. ಮೇ 16ಕ್ಕೆ ಪ್ರಮಾಣವಚನ. 28ಕ್ಕೆ ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. ಅಷ್ಟರಲ್ಲಿ ಕಾಂಗ್ರೆಸ್ಸೂ ಬಿಜೆಪಿಯೂ ಅಲ್ಲದ ಪಕ್ಷಗಳ ಸಂಯುಕ್ತ ರಂಗದೊಳಗೆ ನಿಜವಾದ ಹುಡುಕಾಟ ನಡೆದಿತ್ತು. ವಿ.ಪಿ. ಸಿಂಗ್ ಒಲ್ಲೆನೆಂದರು. ಜ್ಯೋತಿ ಬಸು ಅವರಿಗೆ ಅವರದೇ ಪಕ್ಷದ ಕೇಂದ್ರ ಸಮಿತಿ ಅಡ್ಡ ಬಂತು. ಹೀಗೆ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಎಲ್ಲರ ನೋಟ ಕರ್ನಾಟಕದತ್ತ ತಿರುಗಿತು. ರಾಜ್ಯದ 28ರಲ್ಲಿ 16 ಸ್ಥಾನ ಜನತಾದಳಕ್ಕೆ ಗೆದ್ದುಕೊಟ್ಟದ್ದು ಗೌಡರ ತೂಕ ಹೆಚ್ಚಿಸಿತ್ತು. ಹಾಸನದವರ ಪಾಲು ಇದ್ದರೆ ಈ ಹದಿನಾರರಲ್ಲಿ ಒಂದು.

ಸಂಸತ್ತಿನ ಸದಸ್ಯರಾಗದೆ ಪ್ರಧಾನಿಯಾದ ಮೊದಲಿಗರು ಗೌಡರೇ ಎಂಬ ಇನ್ನೊಂದು ನಂಬಿಕೆಯೂ ತಪ್ಪು. 1991ರ ಜೂನ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ ನರಸಿಂಹರಾವ್ ಕೂಡ ಯಾವ ಸದನದಲ್ಲೂ ಇರಲಿಲ್ಲ. ನಂದ್ಯಾಲದ ಉಪಚುನಾವಣೆ ಗೆದ್ದದ್ದು ನವೆಂಬರಿನಲ್ಲಿ. ಸಂಸತ್ತಿನ ಸದಸ್ಯರಾಗಲು 75(5)ನೇ ವಿಧಿ ಕೊಡುವ ಆರು ತಿಂಗಳ ಗಡುವು ಮಂತ್ರಿಗಿದ್ದಂತೆ ಪ್ರಧಾನಿಗೂ ಉಂಟೆ ಎಂಬ ಪ್ರಶ್ನೆ ಗೌಡರ ವಿಷಯದಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ಉಂಟು ಎಂದು 1996ರಲ್ಲೇ ಎಸ್.ಪಿ. ಆನಂದ್ ಪ್ರಕರಣದಲ್ಲಿ ತೀರ್ಪಾಯಿತು. ಅದಕ್ಕೂ ಮೊದಲೇ, ಸೆಪ್ಟೆಂಬರಿನಲ್ಲಿ, ಅವರು ರಾಜ್ಯಸಭೆ ಸೇರಿದ್ದರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 88ನೇ ವಿಧಿ. ಮಂತ್ರಿಯಾದವನು ಎರಡೂ ಸದನಗಳಲ್ಲಿ ಮಾತಾಡಬಹುದು. ಸದಸ್ಯನಲ್ಲದ ಸದನದಲ್ಲಿ ಮತ ಹಾಕುವಂತಿಲ್ಲ. ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದ ಗೌಡರು ಅದೇ ತಿಂಗಳು ಲೋಕಸಭೆಯಲ್ಲಿ ವಿಶ್ವಾಸ ಕೋರಿದರು. ಸಭೆ 12ರಂದು ಅದನ್ನು ಕೊಟ್ಟಿತು. ಕೋರಿದವರಿಗೇ ಅಲ್ಲಿ ಮತವಿರಲಿಲ್ಲ. ಸೀತಾರಾಂ ಕೇಸರಿಯವರ ಕಾಂಗ್ರೆಸ್ ಹೊರಗಿನಿಂದ ಕೊಡುತ್ತಿದ್ದ ಬೆಂಬಲ ಹಿಂತೆಗೆದ ಮೇಲೆ, 1997ರ ಏಪ್ರಿಲ್ 11ರಂದು ಮತ್ತೆ ವಿಶ್ವಾಸಮತ. ಪರವಾಗಿ 158, ವಿರುದ್ಧ 292. ಆ 158ರಲ್ಲೂ ಪ್ರಧಾನಿಯ ಮತ ಸೇರಿರಲಿಲ್ಲ. ಅಂದು ಅವರು ರಾಜ್ಯಸಭೆಯ ಸದಸ್ಯರು.

ಅರಸೀಕೆರೆಯವರು ಲೋಕಸಭೆಗಾಗಿ ಮುದ್ರೆ ಒತ್ತುತ್ತಿದ್ದ ಮತಪತ್ರಕ್ಕೆ ಗೌಡರ ಹೆಸರು ಮರಳಿದ್ದು 1998ರಲ್ಲಿ. ಗೆದ್ದರು. ಆಗ ಅವರು ಮಾಜಿ ಪ್ರಧಾನಿ.