ಒಬ್ಬ ಮನುಷ್ಯನ ಮಾತು, ಮೂರು ಮೊಕದ್ದಮೆ

ಮುಂಬೈನ ಫೋರ್ಟ್ ಕಡೆ ಓಡಾಡುವವರಿಗೆ ಹೈಕೋರ್ಟಿನ ಕಟ್ಟಡ ಹೊಸದಲ್ಲ. ಆದರೆ ಒಳಗೆ ಹೋಗಿ, ಸೆಂಟ್ರಲ್ ಕೋರ್ಟ್ ಹಾಲಿನ ಹೊರಗಿರುವ ಅಮೃತಶಿಲೆಯ ಫಲಕ ನೋಡಿದವರು ಕಡಿಮೆ. 1908ರ ಜುಲೈ 22ರ ರಾತ್ರಿ, ತಪ್ಪಿತಸ್ಥರೆಂಬ ತೀರ್ಪು ಕೇಳಿದ ಮೇಲೆ ಬಾಲಗಂಗಾಧರ ತಿಲಕರು ಹೇಳಿದ ಮಾತು ಅದರ ಮೇಲಿದೆ. ಜ್ಯೂರಿ ಏನೇ ಹೇಳಲಿ, ತಾವು ನಿರಪರಾಧಿ. ಈ ಕೋರ್ಟಿಗಿಂತ ದೊಡ್ಡ ಶಕ್ತಿಯೊಂದಿದೆ ಎಂಬರ್ಥದ ಮಾತು. ಅದನ್ನು ಅಲ್ಲಿ ಹಾಕಿಸಿದ್ದು 1956ರಲ್ಲಿ, ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಯಾರ ಬಾಯಿ ಮುಚ್ಚಿಸಲು ಆ ಕೋರ್ಟು ಆರು ವರ್ಷದ ಶಿಕ್ಷೆ ಕೊಟ್ಟಿತ್ತೋ, ಅವರ ಮಾತನ್ನೇ ಅದು ತನ್ನ ಗೋಡೆಗೆ ತೂಗುಹಾಕಿತು.

ತಿಲಕರು ಆಗ ಮಾಡಿದ್ದು ಏನು? ಪತ್ರಿಕೆಯಲ್ಲಿ ಲೇಖನ ಬರೆದಿದ್ದು, ಅಷ್ಟೇ. ಒಬ್ಬನ ಮಾತು ಇನ್ನೊಬ್ಬನ ಮನಸ್ಸಿನಲ್ಲಿ ಏನು ಮಾಡುತ್ತದೆ, ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಬ್ರಿಟಿಷ್ ಸರ್ಕಾರ ಈ ಒಬ್ಬ ಮನುಷ್ಯನ ಮೇಲೆ ಮೂರು ಸಲ ಪ್ರಯೋಗಿಸಿ ನೋಡಿತು. 1897, 1908, 1916. ಮೂರನೆಯದರಲ್ಲಿ ನಮ್ಮ ಬೆಳಗಾವಿಯೂ ಇದೆ.

ಮೊದಲನೆಯದು ಪುಣೆಯ ಪ್ಲೇಗಿನ ವರ್ಷ. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಸೋಲ್ಜರುಗಳು ಮನೆಮನೆಗೆ ನುಗ್ಗಿ ತಪಾಸಣೆ ಮಾಡುತ್ತಿದ್ದರು. ಊರು ಒಳಗೊಳಗೇ ಕುದಿಯುತ್ತಿತ್ತು. ಜೂನ್ 15ರ 'ಕೇಸರಿ'ಯಲ್ಲಿ ಶಿವಾಜಿ ಉತ್ಸವದ ವರದಿ ಬಂತು. ಅಫಜಲಖಾನನನ್ನು ಕೊಂದದ್ದು ಪಾಪವೇ ಎಂಬುದು ಅಲ್ಲಿನ ಚರ್ಚೆ. ಫಲದ ಆಸೆಯಿಲ್ಲದೆ ಮಾಡಿದ ಕೆಲಸಕ್ಕೆ ದೋಷವಿಲ್ಲ ಎಂದು ತಿಲಕರು ಗೀತೆಯ ಆಧಾರ ಕೊಟ್ಟಿದ್ದರು. ಹೇಳಿದ್ದು ಹದಿನೇಳನೆಯ ಶತಮಾನದ ಕಥೆ. ಏಳೇ ದಿನಕ್ಕೆ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ, ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸೋದರರು ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಅಯರ್ಸ್ಟ್ ಮೇಲೆ ಗುಂಡು ಹಾರಿಸಿದರು.

ಕೊಲೆಯಲ್ಲಿ ಕೈವಾಡವಿದೆ ಎಂಬ ಆರೋಪವನ್ನು ಸರ್ಕಾರ ತಿಲಕರ ಮೇಲೆ ಹೊರಿಸಲಿಲ್ಲ. ಹೊರಿಸಿದ್ದು ರಾಜದ್ರೋಹದ 124ಎ ಕಲಮು. ಸರ್ಕಾರದ ವಿರುದ್ಧ 'ಅಪ್ರೀತಿ' ಹುಟ್ಟಿಸುವುದು ಅಪರಾಧ ಎನ್ನುವ ಕಲಮು ಅದು. ಅಪ್ರೀತಿ ಅಂದರೇನು? ಪ್ರೀತಿ ಇಲ್ಲದಿರುವುದು ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ವಿವರಿಸಿದರು! ಹಾಗಾದರೆ ದ್ವೇಷವೇ ಬೇಕಿಲ್ಲ, ಸರ್ಕಾರವೆಂದರೆ ಅಷ್ಟಕ್ಕಷ್ಟೇ ಅನ್ನಿಸುವಂತೆ ಬರೆದರೂ ಸಾಕು. ಜ್ಯೂರಿಯ ಆರು ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಕಠಿಣ ಸಜೆ. ಒಂದೇ ಬರಹ ಇಬ್ಬಗೆಯ ಓದುಗರಿಗೆ ಎರಡು ಬಗೆಯಾಗಿ ಕೇಳಿಸಿತು ಎನ್ನುವುದಕ್ಕೆ ಆ ಆರು–ಮೂರರ ಲೆಕ್ಕವೇ ಸಾಕ್ಷಿ.

ಎರಡನೆಯ ಮೊಕದ್ದಮೆಗೆ ಕಾರಣ 1908ರ ಏಪ್ರಿಲ್ 30ರ ಮುಜಫರಪುರದ ಬಾಂಬು. ಗುರಿ ಇದ್ದದ್ದು ಒಬ್ಬ ಮ್ಯಾಜಿಸ್ಟ್ರೇಟ್. ಸತ್ತದ್ದು ಕೆನಡಿ ಮನೆಯ ತಾಯಿ, ಮಗಳು. ತಿಲಕರು 'ಕೇಸರಿ'ಯಲ್ಲಿ 'ದೇಶದ ದುರ್ದೈವ' ಎಂಬರ್ಥದ ತಲೆಬರಹ ಕೊಟ್ಟು ಮೇ 12ರಂದು, 'ಈ ಉಪಾಯಗಳು ಬಾಳಿಕೆಯವಲ್ಲ' ಎಂದು ಜೂನ್ 9ರಂದು ಬರೆದರು. ಇವುಗಳ ಕಟ್ಟೋಣ ಗಮನಿಸಬೇಕು. ಬಾಂಬು ಎಸೆದದ್ದು ಒಳ್ಳೆಯದೆಂದು ಎಲ್ಲೂ ಹೇಳುವುದಿಲ್ಲ. ಇಂಥ ದೇಶದಲ್ಲಿ ಹೀಗಾಯಿತಲ್ಲ ಎಂಬ ವಿಷಾದವೇ ಮೊದಲು ಬರುತ್ತದೆ. ಆಮೇಲೆ, ಜನರನ್ನು ಇಲ್ಲಿಯವರೆಗೆ ತಂದದ್ದು ಸರ್ಕಾರದ ಹಟವಲ್ಲವೇ ಎಂಬ ವಾದ ಶುರುವಾಗುತ್ತದೆ. 'ತಪ್ಪು, ಆದರೆ' ಎನ್ನುವ ವಾಕ್ಯದಲ್ಲಿ ಭಾರ ಯಾವಾಗಲೂ 'ಆದರೆ'ಯ ಆಚೆಗೇ ಬೀಳುತ್ತದೆ. ತಿಲಕರಿಗೆ ಇದು ಗೊತ್ತಿರಲಿಲ್ಲ ಎಂದರೆ ಅವರ ಬರವಣಿಗೆಗೆ ಅವಮಾನ ಮಾಡಿದಂತೆ.

ಕೋರ್ಟಿನಲ್ಲಿ ಅವರು ವಕೀಲರನ್ನು ಇಟ್ಟುಕೊಳ್ಳದೆ ತಾವೇ ವಾದಿಸಿದರು. ಜ್ಯೂರಿಯ ಎದುರು 21 ಗಂಟೆ 10 ನಿಮಿಷ ಮಾತಾಡಿದರು. ಅದರಲ್ಲಿ ದೊಡ್ಡ ಪಾಲು ಅನುವಾದದ ಜಗಳ. ಬರೆದದ್ದು ಮರಾಠಿಯಲ್ಲಿ, ವಿಚಾರಣೆ ನಡೆದದ್ದು ಇಂಗ್ಲಿಷ್ ಅನುವಾದದ ಮೇಲೆ. ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತಿಲಕರ ದೂರು ಸರಳ. ಇಂಗ್ಲಿಷಿನ ರಾಜಕೀಯ ಪದಗಳಿಗೆ ಸರಿಸಾಟಿ ಪದಗಳು ಮರಾಠಿಯಲ್ಲಿ ಈಗಷ್ಟೇ ಹುಟ್ಟುತ್ತಿವೆ. ಇಂಗ್ಲಿಷಿನ ಸಾದಾ ಮಾತನ್ನು ಮರಾಠಿಗೆ ತಂದು, ಅದನ್ನೇ ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ಒಯ್ದರೆ ಇಲ್ಲದ ಖಾರ ಸೇರಿಕೊಳ್ಳುತ್ತದೆ. ಹೀಗೆಂದು ಕೋರ್ಟಿನ ಅನುವಾದಕರನ್ನು ಒಂದೊಂದು ಪದ ಹಿಡಿದು ಪಾಟೀಸವಾಲಿಗೆ ಒಳಪಡಿಸಿದರು. ತಮ್ಮ ಲೇಖನ ಆಂಗ್ಲೋ–ಇಂಡಿಯನ್ ಪತ್ರಿಕೆಗಳಿಗೆ ಕೊಟ್ಟ ಉತ್ತರ, ಜಗಳದ ಒಂದು ಬದಿ ಮಾತ್ರ ಓದಿ ತೀರ್ಪು ಕೊಡಬೇಡಿ ಎಂದರು.

ಅದು ಫಲಿಸಲಿಲ್ಲ. ಏಳು–ಎರಡು. ನ್ಯಾಯಮೂರ್ತಿ ದಾವರ್ ಶಿಕ್ಷೆ ಹೇಳುವಾಗ ಇಂಥದ್ದನ್ನು ಬರೆಯುವ ಮನಸ್ಸೇ ರೋಗಿಷ್ಠವಾಗಿರಬೇಕು ಎಂದರು. ಇದೇ ದಾವರ್ 1897ರಲ್ಲಿ ತಿಲಕರ ವಕೀಲರಾಗಿ ಅವರಿಗೆ ಜಾಮೀನು ಕೊಡಿಸಿದ್ದವರು! ಮರುದಿನದಿಂದ ಮುಂಬೈನ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು, ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನ. ಅವರಲ್ಲಿ ಅಕ್ಷರ ಬಾರದವರೇ ಬಹಳ. ಪತ್ರಿಕೆಯನ್ನು ಒಬ್ಬ ಓದಿ ಹತ್ತು ಜನ ಕೇಳುತ್ತಿದ್ದ ಕಾಲ ಅದು. ಮಾತನ್ನು ಅಡಗಿಸಲು ಕೊಟ್ಟ ಶಿಕ್ಷೆ ಆ ಮಾತನ್ನು ಇನ್ನಷ್ಟು ಕಿವಿಗಳಿಗೆ ಮುಟ್ಟಿಸಿತು.

ಮಂಡಾಲೆಯಿಂದ ಮರಳಿದ ತಿಲಕರು 1916ರ ಏಪ್ರಿಲ್‌ನಲ್ಲಿ ಬೆಳಗಾವಿಗೆ ಬಂದರು. ಗಂಗಾಧರರಾವ್ ದೇಶಪಾಂಡೆಯವರಂಥ ಅನುಯಾಯಿಗಳ ಊರು. ಅಲ್ಲಿ ಹೋಂ ರೂಲ್ ಲೀಗ್ ಹುಟ್ಟಿತು; ಮೇ 1ರಂದು ಭಾಷಣವಾಯಿತು. ಈ ಸಲ ಮಾತಿನ ಧಾಟಿಯೇ ಬೇರೆ. ಸರ್ಕಾರದಲ್ಲಿ ಕಾಣದ್ದೊಂದು, ಕಾಣುವುದೊಂದು. ನಿರ್ಗುಣ ಪರಬ್ರಹ್ಮ ಮಾಯೆಗೆ ಸಿಕ್ಕು ರೂಪ ತಾಳುವ ಹಾಗೆ ಎಂದು ವೇದಾಂತದಿಂದ ಹೋಲಿಕೆ ತಂದರು. ಚಕ್ರವರ್ತಿಯ ಬಗ್ಗೆ ತಕರಾರಿಲ್ಲ. ಬದಲಾಗಬೇಕಾದದ್ದು ಕಣ್ಣೆದುರಿನ ಅಧಿಕಾರಶಾಹಿ. ಪುರಾಣ ಕೇಳಿ ಬೆಳೆದವರಿಗೆ ಇದು ತಕ್ಷಣ ತಿಳಿಯುತ್ತಿತ್ತು, ಕಾನೂನಿನ ಕೈಗೆ ಮಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ.

ಜುಲೈ 23, ಅವರ ಅರವತ್ತರ ಹುಟ್ಟುಹಬ್ಬ. ಜನ ಒಂದು ಲಕ್ಷ ರೂಪಾಯಿಯ ಹಮ್ಮಿಣಿ ಅರ್ಪಿಸಿದ ದಿನವೇ ಸರ್ಕಾರದ ನೋಟಿಸೂ ಬಂತು. ಬೆಳಗಾವಿ, ಅಹಮದನಗರದ ಭಾಷಣಗಳಿಗಾಗಿ 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000ದ ಇಬ್ಬರು ಜಾಮೀನುದಾರರು ಬೇಕೆಂದು ಮ್ಯಾಜಿಸ್ಟ್ರೇಟ್ ಆದೇಶಿಸಿದರು. ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಮಹಮ್ಮದಲಿ ಜಿನ್ನಾ. ಭಾಷಣವನ್ನು ಇಡಿಯಾಗಿ ನೋಡಬೇಕು, ಅಲ್ಲೊಂದು ಇಲ್ಲೊಂದು ಮಾತು ಹೆಕ್ಕಿ ಅಳೆಯಬಾರದು ಎಂಬ ನಿಲುವು ತಳೆದು ನ್ಯಾಯಮೂರ್ತಿಗಳಾದ ಬ್ಯಾಚೆಲರ್ ಮತ್ತು ಶಾ ನವೆಂಬರಿನಲ್ಲಿ ಆ ಆದೇಶ ರದ್ದುಮಾಡಿದರು.

ಹಾಗಾದರೆ 1897ರ ಆ ಮಾತು ಗುಂಡು ಹಾರಿಸಿತೇ? ಯಾವ ಕೋರ್ಟೂ ಹಾಗೆ ತೀರ್ಮಾನಿಸಲಿಲ್ಲ. ಪ್ಲೇಗಿನ ತಪಾಸಣೆ ಹುಟ್ಟಿಸಿದ ಸಿಟ್ಟಿಗೆ ಪತ್ರಿಕೆ ಬೇಕಿರಲಿಲ್ಲ. ಆದರೆ ಸಿಟ್ಟಿಗೊಂದು ಕಥೆ, ಒಂದು ನ್ಯಾಯ ಸಿಕ್ಕಾಗ ಅದರ ನಡಿಗೆ ಬದಲಾಗುತ್ತದೆ ಎಂಬುದನ್ನೂ ಅಲ್ಲಗಳೆಯುವುದು ಕಷ್ಟ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಈ ಕಥೆಯನ್ನು ಪ್ರಾಮಾಣಿಕವಾಗಿ ಹೇಳಲಾಗದು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಮೊದಲ ಮೊಕದ್ದಮೆಯಲ್ಲಿ ಆಕ್ಷೇಪಕ್ಕೆ ಗುರಿಯಾಗಿದ್ದ ಗೀತೆಯ ಆ ನಿಷ್ಕಾಮ ಕರ್ಮದ ವಿಚಾರವನ್ನೇ ತಿಲಕರು ಮಂಡಾಲೆ ಜೈಲಿನಲ್ಲಿ ಕೂತು ದೊಡ್ಡ ಗ್ರಂಥವಾಗಿ ಬರೆದರು. 1915ರಲ್ಲಿ 'ಗೀತಾರಹಸ್ಯ' ಅಚ್ಚಾಯಿತು. ಅದನ್ನು ಕನ್ನಡಕ್ಕೆ ತಂದವರು ಧಾರವಾಡದ ಆಲೂರ ವೆಂಕಟರಾಯರು, ಕರ್ನಾಟಕ ಒಂದಾಗಬೇಕೆಂದು ಊರೂರಿನಲ್ಲಿ ಜನರ ಮನ ಒಲಿಸುತ್ತ ತಿರುಗಿದ ಅದೇ ಆಲೂರರು.