ದೋಣಿಗಲ್ ಗುಡ್ಡದ ಎಂಟು ಮೊನೆ

ಸಕಲೇಶಪುರ ದಾಟಿ ಶಿರಾಡಿ ಘಾಟಿಯತ್ತ ಹೊರಟರೆ ದೋಣಿಗಲ್ ಸಿಗುತ್ತದೆ. ಅಲ್ಲಿನ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ, ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ. ಮೆಟ್ಟಿಲು ಹತ್ತಿ ಹೋದವರಿಗೆ ಕಾಣುವುದು ಮತ್ತೆ ಮತ್ತೆ ಮುರಿದು ತಿರುಗುವ ಗೋಡೆ. ಆಕಾಶದಿಂದ ನೋಡಿದರೆ ಮಾತ್ರ ಎಂಟು ಮೊನೆಯ ನಕ್ಷತ್ರ.

ಕೋಟೆಯ ಕಾಲ 1792. ಅದೇ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. ಕೊಡಗು, ಮಲಬಾರ್ ಕೈತಪ್ಪಿದವು. ಮಂಗಳೂರಿಗೆ ಇಳಿಯುವ ದಾರಿಯ ಮೇಲೆ ಕಣ್ಣಿಡಲೇಬೇಕಿತ್ತು.

ಆದರೆ ನಕ್ಷತ್ರವೇ ಏಕೆ? ನಮ್ಮ ಹಳೆಯ ಕೋಟೆಗಳ ದುಂಡು ಬುರುಜಿಗೆ ಒಂದು ದೌರ್ಬಲ್ಯವಿತ್ತು. ಅದರ ಮುಂದೆ, ಬುಡದಲ್ಲೇ, ಅಕ್ಕಪಕ್ಕದ ಬುರುಜುಗಳ ಗುಂಡು ತಲುಪದ ಒಂದಿಷ್ಟು ಜಾಗ ಉಳಿಯುತ್ತಿತ್ತು. ಶತ್ರು ಅಲ್ಲಿಗೆ ನುಸುಳಿದರೆ ಗೋಡೆ ಕೊರೆಯಬಹುದಿತ್ತು. ಫಿರಂಗಿಯ ಕಾಲ ಬಂದ ಮೇಲೆ ಇಟಲಿಯ ಶಿಲ್ಪಿಗಳು ಬುರುಜನ್ನು ಚೂಪು ಮಾಡಿದರು. ಫ್ರಾನ್ಸಿನ ವೊಬಾಂ (1633–1707) ಆ ವಿದ್ಯೆಯನ್ನು ಪಳಗಿಸಿದ. ಒಂದು ಮೊನೆಯ ಗೋಡೆಯ ಮುಂದಿನ ನೆಲವನ್ನು ಪಕ್ಕದ ಮೊನೆಯವರು ಕಾಯುವುದು ಇದರ ಗುಟ್ಟು.

ಇಲ್ಲಿ ಒಂಬತ್ತನೇ ತರಗತಿಯ ರೇಖಾಗಣಿತ ಬರುತ್ತದೆ. ಕಾಗದದ ಮೇಲೆ ಸಮ ಅಷ್ಟಭುಜ ಬರೆದು, ನಡುಬಿಂದುವಿನಿಂದ ಎಲ್ಲ ಮೂಲೆಗಳಿಗೂ ಗೆರೆ ಎಳೆಯಿರಿ. ಎಂಟು ಸಮದ್ವಿಬಾಹು ತ್ರಿಭುಜಗಳು. ನಡುವಿನ ಕೋನ 360ರಲ್ಲಿ ಎಂಟನೇ ಒಂದು, ಅಂದರೆ 45 ಡಿಗ್ರಿ. ಉಳಿದ 135 ಡಿಗ್ರಿಯನ್ನು ಎರಡು ಪಾದಕೋನಗಳು ಸಮನಾಗಿ ಹಂಚಿಕೊಂಡರೆ ತಲಾ 67.5. ಅಕ್ಕಪಕ್ಕದ ಎರಡು ಪಾದಕೋನ ಸೇರಿದರೆ ಅಷ್ಟಭುಜದ ಮೂಲೆ 135. ಈಗ ಬಾಹುಗಳನ್ನು ಹೊರಗೆ ಬೆಳೆಸಿ: ಪ್ರತಿ ಬಾಹುವಿನ ಮೇಲೂ ಮತ್ತೊಂದು ಸಮದ್ವಿಬಾಹು ತ್ರಿಭುಜ ಏಳುತ್ತದೆ. ಅದರ ಪಾದಕೋನಗಳು 45, ಮೊನೆ 90. ಕೋಟೆ ಕಟ್ಟುವವನು ಪಾದಕೋನ ಹಿಗ್ಗಿಸಿದಷ್ಟೂ ಮೊನೆ ಚೂಪಾಗುತ್ತದೆ. ತೀರ ಚೂಪಾದರೆ ಫಿರಂಗಿ ತಿರುಗಿಸಲು ಜಾಗವಿಲ್ಲ, ಗುಂಡೇಟಿಗೆ ತುದಿಯೂ ಬೇಗ ಒಡೆಯುತ್ತದೆ. ಒಂದೊಂದು ಡಿಗ್ರಿಗೂ ಪ್ರಾಣದ ಬೆಲೆಯಿದ್ದ ಲೆಕ್ಕ ಇದು.

ಹಾಸನ ಸೀಮೆಗೆ ನಕ್ಷತ್ರ ಹೊಸದೇನಲ್ಲ. ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪದ ತಳವಿನ್ಯಾಸ ಹದಿನಾರು ಮೊನೆಯದು. ಕಾಲ ಸುಮಾರು 1220. ಒಂದೇ ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆ ಆಕೃತಿ ಸಿಗುತ್ತದೆ. ಅಲ್ಲಿಯೂ ಪ್ರತಿ ಮೊನೆ 90 ಡಿಗ್ರಿಯ ಸಮದ್ವಿಬಾಹು ತ್ರಿಭುಜವೇ. ಹೊಯ್ಸಳ ರೂವಾರಿಯ ಮೂಲೆಗಳು ಬಿಸಿಲು–ನೆರಳನ್ನು ಹಿಡಿದರೆ, ಮಂಜರಾಬಾದಿನವು ಶತ್ರುವಿನ ದಾರಿಯನ್ನು ಹಿಡಿದವು. ಇನ್ನೂ ಹಿಂದೆ, ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ವಿಂಗಡಿಸಿದ್ದ.

ಮಂಜರಾಬಾದಿನ ಹೊರಗೋಡೆ ಕಲ್ಲು–ಗಾರೆಯದು, ಸುತ್ತ ಕಂದಕ. ಒಳಗೆ ನಟ್ಟನಡುವೆ ಕೂಡುಚಿಹ್ನೆಯ ಆಕಾರದ ಮೆಟ್ಟಿಲುಬಾವಿ, ಹತ್ತಿರದಲ್ಲೇ ಅರ್ಧ ನೆಲದೊಳಗಿರುವ ಮದ್ದಿನ ಮನೆಗಳು. ಶ್ರೀರಂಗಪಟ್ಟಣ 1799ರಲ್ಲೇ ಬಿದ್ದಿತು. ಟಿಪ್ಪುವಿಗೆ ಈ ಕೋಟೆ ಒದಗಿದ್ದು ಏಳೇ ವರ್ಷ. ಸಕಲೇಶಪುರ, ಆಲೂರಿನ ಗಣಿತದ ಮೇಷ್ಟ್ರುಗಳು ಮಕ್ಕಳ ಕೈಗೆ ಹಗ್ಗ, ಗೂಟ, ಕೋನಮಾಪಕ ಕೊಟ್ಟು ಇಲ್ಲಿಗೆ ಕರೆತರಬೇಕು. ಮೊನೆಯ ಎರಡು ಗೋಡೆ ನಿಜಕ್ಕೂ ಸಮವೇ, ಪಾದಕೋನ ಎಷ್ಟು ಎಂಬುದನ್ನು ಅವರೇ ಅಳೆದು ನೋಡಲಿ.